ಬೂತಾಯಿ ತಿನ್ನು, ಮಾತ್ರೆ ಬಿಡಬೇಡ

ಮಗಾ, ಕಹಿ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಮೀನು ತಿಂದರೆ ನಿನ್ನ ಕೊಲೆಸ್ಟ್ರಾಲ್ ಇಳಿಯುವುದಿಲ್ಲ. ಬೂತಾಯಿಗೂ ಇಳಿಯುವುದಿಲ್ಲ, ಬಂಗುಡೆಗೂ ಇಳಿಯುವುದಿಲ್ಲ, ನೀನು ಆನ್‌ಲೈನಿನಲ್ಲಿ ತರಿಸಿಕೊಂಡ ಮೀನೆಣ್ಣೆ ಕ್ಯಾಪ್ಸೂಲಿಗೂ ಇಳಿಯುವುದಿಲ್ಲ. ನೀನು ಕಳಿಸಿದ ರಕ್ತ ಪರೀಕ್ಷೆಯ ವರದಿ ನೋಡಿದೆ. ಕೆಳಗೆ ನೀನು ಬರೆದದ್ದನ್ನೂ ಓದಿದೆ: ‘ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿದ್ದೇನೆ ಮಾವ, ಇನ್ನು ಮೀನಲ್ಲೇ ಸರಿ ಮಾಡಿಕೊಳ್ತೇನೆ.’ ಆ ಒಂದು ಸಾಲಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ. ನಿನ್ನ ಜೊತೆ ರೂಮಿನಲ್ಲಿರುವ ಹುಡುಗರಿಗೂ ಓದಲು ಕೊಡು. ಮೂವತ್ತು ದಾಟಿದವರೆಲ್ಲರಿಗೂ ಬೇಕಾದ ಮಾತು ಇದು.

ನಾನು ಡಾಕ್ಟರಲ್ಲ. ಉಡುಪಿಯಲ್ಲಿ ಮೆಡಿಕಲ್ ಶಾಪ್ ಇಟ್ಟು ಬದುಕಿದವನು. ಆದರೆ ಕೌಂಟರಿನ ಈಚೆ ನಿಂತು ಎಷ್ಟೋ ಜನರ ಚೀಟಿ ನೋಡಿದ್ದೇನೆ. ಯಾರು ಮಾತ್ರೆ ತಪ್ಪದೆ ಒಯ್ದರು, ಯಾರು ಎರಡು ತಿಂಗಳಿಗೆ ಬಿಟ್ಟರು, ಬಿಟ್ಟವರ ಮನೆಯಿಂದ ಆಮೇಲೆ ಯಾವ ಸುದ್ದಿ ಬಂತು, ಎಲ್ಲವೂ ನೆನಪಿನಲ್ಲಿದೆ. ಆ ನೆನಪಿನ ಭಾರದಿಂದಲೇ ಹೇಳುತ್ತಿದ್ದೇನೆ, ಗದರಿದ ಹಾಗೆ ಕಂಡರೆ ಬೇಸರ ಮಾಡಬೇಡ.

ನಿನ್ನ ವರದಿಯಲ್ಲಿ ಎಲ್‌ಡಿಎಲ್ 168, ಟ್ರೈಗ್ಲಿಸರೈಡ್ 240. ನೀವೆಲ್ಲ ಇವನ್ನು ಒಟ್ಟಿಗೆ ಕಟ್ಟಿ ‘ಕೊಲೆಸ್ಟ್ರಾಲ್ ಜಾಸ್ತಿ ಇದೆ’ ಅನ್ನುತ್ತೀರಿ. ಗೊಂದಲ ಹುಟ್ಟುವುದೇ ಅಲ್ಲಿ. ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ರಕ್ತದಲ್ಲಿ ಹೊತ್ತು ತಿರುಗುವ ಕಣ. ಅದು ಎಷ್ಟು ಹೆಚ್ಚಿದೆ, ಎಷ್ಟು ವರ್ಷ ಹೆಚ್ಚಿದೆ ಎನ್ನುವುದರ ಮೇಲೆ ಹೃದಯದ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುವ ಕೊಬ್ಬಿನ ಲೆಕ್ಕ ನಿಂತಿದೆ. ಟ್ರೈಗ್ಲಿಸರೈಡ್ ಬೇರೆ. ತಿಂದ ಅನ್ನ, ಸಿಹಿ, ವಾರಾಂತ್ಯದ ಬಿಯರು ಖರ್ಚಾಗದೆ ಉಳಿದಾಗ ಲಿವರ್ ಅದನ್ನು ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬು ಇದು.

ಮೀನಿನೆಣ್ಣೆಯ ಒಮೆಗಾ-3 ಕೆಲಸ ಮಾಡುವುದು ಈ ಎರಡನೆಯದರ ಮೇಲೆ. ಅದರಲ್ಲಿರುವ ಇಪಿಎ, ಡಿಎಚ್‌ಎ ಎಂಬ ಎರಡು ಕೊಬ್ಬಿನಾಮ್ಲಗಳು ಲಿವರ್ ಟ್ರೈಗ್ಲಿಸರೈಡ್ ತಯಾರಿಸುವುದನ್ನು ತಗ್ಗಿಸುತ್ತವೆ. ದಿನಕ್ಕೆ 2ರಿಂದ 4 ಗ್ರಾಂ ಹೊಟ್ಟೆಗೆ ಬಿದ್ದರೆ ಟ್ರೈಗ್ಲಿಸರೈಡ್ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಇಳಿಯುವುದುಂಟು. ಎಲ್‌ಡಿಎಲ್ ಮಾತ್ರ ಇದ್ದಲ್ಲೇ ಇರುತ್ತದೆ. ಟ್ರೈಗ್ಲಿಸರೈಡ್ ತುಂಬ ಹೆಚ್ಚಿರುವ ಕೆಲವರಲ್ಲಿ ಸ್ವಲ್ಪ ಏರುವುದೂ ಉಂಟು. ಡಾಕ್ಟರು ನಿನಗೆ ಮಾತ್ರೆ ಬರೆದದ್ದು 168ನ್ನು ನೋಡಿ. ನೀನು ಅದನ್ನು ಬಿಟ್ಟು ಹಿಡಿದುಕೊಂಡದ್ದು 168ನ್ನು ಅಲುಗಿಸದ ವಸ್ತುವನ್ನು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಅಪಾಯ ಕಡಿಮೆಯಿರುವ ಸಾಮಾನ್ಯ ಜನರೂ ಎಲ್‌ಡಿಎಲ್ಲನ್ನು 100ರೊಳಗೆ ಇಟ್ಟುಕೊಳ್ಳಬೇಕು, ಮೊದಲ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು ಎಂದಿದೆ. ನೀನು ಮಾಡಿಸಿಕೊಂಡದ್ದು 34ಕ್ಕೆ, ಅದೂ ಆಫೀಸಿನವರು ಪುಕ್ಕಟೆ ಮಾಡಿಸಿದರು ಅಂತ.

ಹಾಗಾದರೆ ಮೀನು ಹೃದಯಕ್ಕೆ ಒಳ್ಳೆಯದು ಅಂತ ಜಗತ್ತೆಲ್ಲ ಹೇಳುವುದು ಸುಳ್ಳೇ? ಸುಳ್ಳಲ್ಲ. ಆದರೆ ಆ ಮಾತು ಹುಟ್ಟಿದ ಕಥೆ ನಿಮಗೆ ಗೊತ್ತಿರಬೇಕು, ಅರ್ಧ ತಿಳಿದಾಗಲೇ ಮೋಸ ಹೋಗುವುದು.

1970ರಲ್ಲಿ ಬ್ಯಾಂಗ್ ಮತ್ತು ಡಯರ್‌ಬರ್ಗ್ ಎಂಬ ಇಬ್ಬರು ಡೆನ್ಮಾರ್ಕಿನ ವೈದ್ಯರು ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಗೆ ನಾಯಿ ಎಳೆಯುವ ಬಂಡಿಯಲ್ಲಿ ಹೋಗಿ 130 ಮಂದಿ ಇನ್ಯುಯಿಟ್ ಜನರ ರಕ್ತ ತಂದರು. ಸೀಲ್, ತಿಮಿಂಗಿಲ, ಮೀನು ಇವೇ ಆ ಜನರ ಊಟ. ಅಷ್ಟು ಕೊಬ್ಬು ತಿಂದರೂ ರಕ್ತದಲ್ಲಿ ಕೊಬ್ಬು ಡೆನ್ಮಾರ್ಕಿನವರಿಗಿಂತ ಕಡಿಮೆ. ಮುಂದಿನ ವರ್ಷ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೀನೆಣ್ಣೆಯ ಕೀರ್ತಿ ಹಬ್ಬಿದ್ದು ಅಲ್ಲಿಂದ. ಬಹಳ ವರ್ಷಗಳ ನಂತರ ಬೇರೆಯವರು ಆ ಬರಹಗಳನ್ನು ಮತ್ತೆ ತೆಗೆದು ನೋಡಿದಾಗ, ಆ ವೈದ್ಯರು ಅಲ್ಲಿನವರಿಗೆ ಹೃದ್ರೋಗ ಇದೆಯೋ ಇಲ್ಲವೋ ಎಂದು ತಾವೇ ಪರೀಕ್ಷಿಸಿರಲಿಲ್ಲ ಎನ್ನುವುದು ತಿಳಿಯಿತು. 2015ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಇನ್ಯುಯಿಟ್ ಜನರ ವಂಶವಾಹಿಗಳೇ ಆ ಕೊಬ್ಬಿನೂಟಕ್ಕೆ ಹೊಂದಿಕೊಂಡು ಬದಲಾಗಿವೆ. ಅವರ ಊಟದ ಲೆಕ್ಕವನ್ನು ನಮ್ಮ ಮೈಗೆ ಹಾಗೇ ತಂದು ಹಾಕಲಾಗದು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ವೇಲ್ಸಿನಲ್ಲಿ ನಡೆದ ಕೆಲಸ. ಮೈಕೆಲ್ ಬರ್ ಎಂಬ ವೈದ್ಯರು ಒಮ್ಮೆ ಹೃದಯಾಘಾತವಾಗಿ ಬದುಕುಳಿದ 2,033 ಗಂಡಸರನ್ನು ಆರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೆ ಎರಡು ಸಲ ಎಣ್ಣೆಮೀನು, ಅಂದರೆ ಮೈಯಲ್ಲೇ ಎಣ್ಣೆ ಹೆಚ್ಚಿರುವ ಮೀನು, ತಿನ್ನಿ ಎಂದು ಹೇಳಿದರು. 1989ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷದಲ್ಲಿ ಮೀನು ತಿಂದವರ ಗುಂಪಿನಲ್ಲಿ ಸಾವು ನೂರಕ್ಕೆ 29ರಷ್ಟು ಕಡಿಮೆ. ಇದರಲ್ಲಿ ಗಮನಿಸಬೇಕಾದದ್ದು, ಈ ಲಾಭ ಕೊಲೆಸ್ಟ್ರಾಲ್ ಇಳಿದು ಬಂದದ್ದಲ್ಲ. ಮೀನಿನ ಕೊಬ್ಬು ಹೃದಯದ ಜೀವಕೋಶಗಳ ಪೊರೆಯಲ್ಲೇ ಸೇರಿಕೊಂಡು ಬಡಿತ ಹದ ತಪ್ಪದಂತೆ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ರಕ್ತದೊತ್ತಡ ತುಸು ತಗ್ಗುತ್ತದೆ, ರಕ್ತ ಹೆಪ್ಪುಗಟ್ಟುವ ಆತುರ ತುಸು ಕಡಿಮೆಯಾಗುತ್ತದೆ. ಯಾವ ಲಿಪಿಡ್ ವರದಿಯಲ್ಲೂ ಇದು ಕಾಣುವುದಿಲ್ಲ.

ಅದೇ ಬರ್ ಮತ್ತೊಮ್ಮೆ, ಈ ಸಲ ಎದೆನೋವಿನ ರೋಗಿಗಳಾದ 3,114 ಗಂಡಸರ ಮೇಲೆ ಅದೇ ಪ್ರಯೋಗ ಮಾಡಿದರು. 2003ರಲ್ಲಿ ಬಂದ ಉತ್ತರ ತಿರುಗುಮುರುಗಾಗಿತ್ತು. ಲಾಭವಿಲ್ಲ. ಹಠಾತ್ ಸಾವು ಮೀನಿನ ಗುಂಪಿನಲ್ಲೇ ಹೆಚ್ಚು, ಅದರಲ್ಲೂ ಮೀನಿನ ಬದಲು ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ. ತಮ್ಮದೇ ಕೀರ್ತಿಯ ಕೆಲಸಕ್ಕೆ ವಿರುದ್ಧವಾದ ಉತ್ತರವನ್ನು ಅವರು ಮುಚ್ಚಿಡದೆ ಪ್ರಕಟಿಸಿದರಲ್ಲ, ಆ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ವಾಟ್ಸ್ಯಾಪಿನಲ್ಲಿ ಮೀನೆಣ್ಣೆ ಹೊಗಳುವವರು ಮೊದಲ ಪ್ರಯೋಗವನ್ನು ಮಾತ್ರ ಹೇಳುತ್ತಾರೆ.

ನಮ್ಮ ಕಡೆಯ ಲೆಕ್ಕವೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯ ಪದವಿ ಓದಿ ಕೆನಡಾಕ್ಕೆ ಹೋದ ಸಲೀಂ ಯೂಸುಫ್ ಕಟ್ಟಿದ ‘ಪ್ಯೂರ್’ ಎಂಬ ದೊಡ್ಡ ಅಧ್ಯಯನದಲ್ಲಿ ಬೆಂಗಳೂರೂ ಒಂದು ಕೇಂದ್ರ. ಅದನ್ನೂ ಇನ್ನು ಮೂರು ಅಧ್ಯಯನಗಳನ್ನೂ ಸೇರಿಸಿ 58 ದೇಶಗಳ 1,91,558 ಜನರ ಮೀನೂಟವನ್ನು ನೋಡಿದರು. 2021ರಲ್ಲಿ ಬಂದ ಉತ್ತರ ಹೀಗೆ: ಆಗಲೇ ಹೃದಯದ ಅಥವಾ ರಕ್ತನಾಳದ ಕಾಯಿಲೆ ಇದ್ದವರು ವಾರಕ್ಕೆ 175 ಗ್ರಾಂನಷ್ಟು, ಅಂದರೆ ಎರಡು ಊಟದ ಮೀನು ತಿಂದರೆ ಅಪಾಯ ನೂರಕ್ಕೆ ಹದಿನೈದರ ಆಸುಪಾಸಿನಷ್ಟು ಕಡಿಮೆ. ಕಾಯಿಲೆ ಇಲ್ಲದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಲಾಭ ಕಂಡದ್ದು ಎಣ್ಣೆಮೀನಿನಲ್ಲಿ.

ಇವೆಲ್ಲ ಓದಿ ನಾನು ಮುಟ್ಟಿದ ತೀರ್ಮಾನ ಇಷ್ಟು: ಎಣ್ಣೆಮೀನು ಒಳ್ಳೆಯ ಊಟ, ಔಷಧಿ ಅಲ್ಲ.

ಈಗ ಆ ಕ್ಯಾಪ್ಸೂಲಿನ ವಿಷಯ. ಡಬ್ಬಿಯ ಮುಂದುಗಡೆ ‘1000 ಮಿಲಿಗ್ರಾಂ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ತಿರುಗಿಸಿ ಹಿಂದೆ ಸಣ್ಣಕ್ಷರ ಓದು. ಸಾಧಾರಣ ಕ್ಯಾಪ್ಸೂಲಾದರೆ ಇಪಿಎ 180, ಡಿಎಚ್‌ಎ 120 ಎಂದಿರುತ್ತದೆ. ಸಾವಿರದಲ್ಲಿ ಮುನ್ನೂರು ಮಾತ್ರ ಒಮೆಗಾ-3, ಉಳಿದದ್ದು ಬರೀ ಎಣ್ಣೆ. ಟ್ರೈಗ್ಲಿಸರೈಡಿಗೆ ಬೇಕಾದ 4 ಗ್ರಾಂ ಆಗಬೇಕಾದರೆ ದಿನಕ್ಕೆ ಹದಿಮೂರು ಹದಿನಾಲ್ಕು ಕ್ಯಾಪ್ಸೂಲ್ ನುಂಗಬೇಕು. ನೀನು ನುಂಗುತ್ತಿರುವುದು ಒಂದು. ನನ್ನ ಅಂಗಡಿಯಲ್ಲೂ ಅದು ಚೀಟಿ ಇಲ್ಲದೆ ಮಾರಾಟವಾಗುತ್ತಿತ್ತು, ಯಾಕೆಂದರೆ ಅದು ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ, ಆಹಾರ ಪೂರಕ ಅಷ್ಟೆ. 2018ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು. ‘ಅಸೆಂಡ್’ 15,480 ಸಕ್ಕರೆ ಕಾಯಿಲೆಯವರ ಮೇಲೆ, ‘ವೈಟಲ್’ 25,871 ಆರೋಗ್ಯವಂತರ ಮೇಲೆ. ದಿನಕ್ಕೊಂದು ಒಮೆಗಾ-3 ಕ್ಯಾಪ್ಸೂಲ್ ಕೊಟ್ಟು ವರ್ಷಗಟ್ಟಲೆ ಕಾದರೂ, ಮುಖ್ಯವಾಗಿ ಏನನ್ನು ತಡೆಯಬೇಕಿತ್ತೋ ಅದನ್ನು ತಡೆದದ್ದು ಎರಡರಲ್ಲೂ ಕಾಣಲಿಲ್ಲ. ಅದೇ ವರ್ಷ ‘ರೆಡ್ಯೂಸ್-ಇಟ್’ ಎಂಬ ಪರೀಕ್ಷೆಯಲ್ಲಿ ಶುದ್ಧ ಇಪಿಎಯನ್ನು ದಿನಕ್ಕೆ 4 ಗ್ರಾಂ ಕೊಟ್ಟಾಗ ಒಳ್ಳೆಯ ಫಲ ಸಿಕ್ಕಿದ್ದು ನಿಜ. ಆದರೆ ಅವರೆಲ್ಲ ಸ್ಟ್ಯಾಟಿನ್ ಮಾತ್ರೆ, ನೀನು ನಿಲ್ಲಿಸಿದ ಅದೇ ಜಾತಿಯ ಮಾತ್ರೆ, ತೆಗೆದುಕೊಳ್ಳುತ್ತಲೇ ಇದ್ದವರು. ಆ ಶುದ್ಧ ಇಪಿಎ ಡಾಕ್ಟರ ಚೀಟಿಯ ಮೇಲೆ ಕೊಡುವ ಔಷಧಿ, ನಿನ್ನ ಡಬ್ಬಿಯಲ್ಲಿರುವುದಲ್ಲ. ಹೆಚ್ಚು ಪ್ರಮಾಣದಲ್ಲಿ ಒಮೆಗಾ-3 ತೆಗೆದುಕೊಂಡ ಕೆಲವರಿಗೆ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಬಡಿತದ ಏರುಪೇರು ಕಾಣಿಸಿಕೊಂಡಿರುವುದೂ ಸಾಬೀತಾಗಿದೆ. ಆ ಡಬ್ಬಿಗೆ ಹಾಕುವ ದುಡ್ಡಿನಲ್ಲಿ ಮೀನು ತಂದು ತಿನ್ನು.

ಯಾವ ಮೀನು? ಇಲ್ಲಿ ನಾವು ಕರಾವಳಿಯವರು ಪುಣ್ಯವಂತರು. ಊರಲ್ಲಿ ನೆಂಟರು ಬಂದರೆ ಅಂಜಲ್, ಮಾಂಜಿ ತರುತ್ತೇವೆ. ಬೂತಾಯಿ ಬಡಿಸಿದರೆ ಮರ್ಯಾದೆ ಕಡಿಮೆ ಅಂದುಕೊಳ್ಳುತ್ತೇವೆ. ಹೃದಯದ ಲೆಕ್ಕದಲ್ಲಿ ಅದು ಉಲ್ಟಾ. ಬೂತಾಯಿ, ಕುಂದಾಪುರದವರು ಬೈಗೆ ಅನ್ನುವ, ಕೊಂಕಣಿಗರು ತಾರ್ಲೆ ಅನ್ನುವ ಅದೇ ಬಡವರ ಮೀನು, ಒಮೆಗಾ-3ರಲ್ಲಿ ಮಾಂಜಿಯನ್ನು ಹಿಂದೆ ಹಾಕುತ್ತದೆ. ಅದರ ಜೊತೆ ನಿಲ್ಲುವುದು ಬಂಗುಡೆ. ಒಂದು ಕಾಲದಲ್ಲಿ ಬೂತಾಯಿ ರಾಶಿ ಬಿದ್ದಾಗ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು, ಎಣ್ಣೆ ತೆಗೆದು ದೋಣಿಗೆ ಬಳಿಯುತ್ತಿದ್ದರು. ಈಗಲೂ ಬಹಳಷ್ಟು ಮೀನುಹುಡಿಯ ಫ್ಯಾಕ್ಟರಿಗಳಿಗೆ ಹೋಗುತ್ತದೆ. ಮನುಷ್ಯರ ತಟ್ಟೆಗೆ ಬರಬೇಕಾದದ್ದು ಹಾಗೆ ಹೋಗುವುದು ನನಗೆ ಸಂಕಟ.

ಬೂತಾಯಿಗೂ ಕಾಲ ಅಂತ ಇದೆ. ಮಳೆಗಾಲದಲ್ಲಿ ಮೊಟ್ಟೆ ಇಡುವ ಸಮಯಕ್ಕೆ ಮೀನು ಬಡಕಲಾಗುತ್ತದೆ. ಜೂನ್, ಜುಲೈ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಆಮೇಲೆ ಸಮುದ್ರದಲ್ಲಿ ತಿನ್ನಲು ಹೇರಳ ಸಿಕ್ಕಿ, ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಮೈತುಂಬ ನೆಣ ಕಟ್ಟುತ್ತದೆ. ಆ ಕಾಲದ ಬೂತಾಯಿ 100 ಗ್ರಾಂ ತಿಂದರೆ ಒಂದು ಗ್ರಾಂ ಮೀರಿ ಒಮೆಗಾ-3 ಸಿಗುತ್ತದೆ. ನಿನ್ನ ಮೂರು ನಾಲ್ಕು ಕ್ಯಾಪ್ಸೂಲಿಗೆ ಸಮ. ಮೇಲಿಂದ ಬಿ12, ಡಿ ವಿಟಮಿನ್, ಸಣ್ಣ ಮುಳ್ಳು ಅಗಿದರೆ ಸುಣ್ಣದಂಶ. ನೀನಿರುವ ಬೆಂಗಳೂರಿನಲ್ಲಿ ಕೊಳ್ಳುವಾಗ ಕಣ್ಣು ಉಬ್ಬಿ ಹೊಳೆಯುತ್ತಿದೆಯಾ, ಕಿವಿರು ಕೆಂಪಿದೆಯಾ, ಹೊಟ್ಟೆ ಒಡೆದಿಲ್ಲವಾ ನೋಡು. ಬೂತಾಯಿಯ ಹೊಟ್ಟೆ ಎಲ್ಲಕ್ಕಿಂತ ಮೊದಲು ಒಡೆಯುತ್ತದೆ. ಹಳಸಿದ ಬಂಗುಡೆ, ಬೂತಾಯಿ ತಿಂದು ಮೈಯೆಲ್ಲ ಕೆಂಪಾಗಿ ತುರಿಸಿಕೊಂಡವರು ನಮ್ಮ ಅಂಗಡಿಗೆ ಬರುತ್ತಿದ್ದರು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಅಲ್ಲಿ ಸುಲಭವಾಗಿ ಸಿಗುವ ಕಾಟ್ಲಾ, ರೋಹು ಒಳ್ಳೆಯ ಮೀನುಗಳೇ, ತಿನ್ನು. ಆದರೆ ಒಮೆಗಾ-3 ಅವುಗಳಲ್ಲಿ ಬಹಳ ಕಡಿಮೆ. ಸಿಗಡಿ, ಬೊಂಡಾಸ್ ಕೂಡ ಎಣ್ಣೆಮೀನಿನ ಸಾಲಿಗೆ ಸೇರುವುದಿಲ್ಲ. ತೊರಕೆ, ಶಾರ್ಕ್‌ನಂಥ ದೊಡ್ಡವು ಬೇಡ. ಶಾರ್ಕಿನಂಥ ಬೇಟೆಮೀನಿನ ಮಾಂಸದಲ್ಲಿ ಪಾದರಸ ಹೆಚ್ಚು ಸೇರಿಕೊಳ್ಳುತ್ತದೆ. ಸಣ್ಣ ಬೂತಾಯಿಗೆ ಆ ಭಯ ಕಡಿಮೆ. ಯೂರಿಕ್ ಆಸಿಡ್ ಹೆಚ್ಚಿದ್ದು ಗಂಟು ಊದುವವರು ಮಾತ್ರ ಬೂತಾಯಿಯಲ್ಲಿ ಎಚ್ಚರ ಇಟ್ಟುಕೊಳ್ಳಬೇಕು.

ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಾರಕ್ಕೆ 100ರಿಂದ 200 ಗ್ರಾಂ ಎನ್ನುತ್ತದೆ, ಅಮೆರಿಕದ ಹೃದಯ ಸಂಘ ವಾರಕ್ಕೆ ಎರಡು ಊಟ ಎನ್ನುತ್ತದೆ. ಅಷ್ಟು ಸಾಕು.

ಮಾಡುವ ರೀತಿಯಲ್ಲೇ ನಾವು ಹೆಚ್ಚು ಕೆಡಿಸುವುದು. ನಿಮ್ಮ ಹೋಟೆಲುಗಳಲ್ಲಿ ರವೆ ಮೆತ್ತಿ, ಬೆಳಗಿನಿಂದ ಕಾದು ಕಪ್ಪಾದ ಎಣ್ಣೆಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಅದನ್ನು ಬಿಯರಿನ ಜೊತೆ ತಿಂದು ‘ಒಮೆಗಾ-3 ಮಾವ’ ಅಂದರೆ ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ವಯಸ್ಸಾದವರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನದಲ್ಲಿ, ಸುಟ್ಟ ಅಥವಾ ಬೇಯಿಸಿದ ಮೀನು ತಿಂದವರಿಗೆ ಕಂಡ ಲಾಭ ಕರಿದ ಮೀನು ತಿಂದವರಿಗೆ ಕಾಣಲಿಲ್ಲ. ನಿನ್ನ ಅಜ್ಜಿ ಮಾಡುತ್ತಿದ್ದ ಪುಳಿಮುಂಚಿ ನೆನಪಿದೆಯಲ್ಲ? ಒಣಮೆಣಸು, ಕೊತ್ತಂಬರಿ, ತುಸು ಮೆಂತ್ಯ, ಓಮ, ಹುಣಸೆ ಅರೆದು ಮಣ್ಣಿನ ಚಟ್ಟಿಯಲ್ಲಿ ಕುದಿಸಿ, ಕೊನೆಗೆ ಮೀನು ಹಾಕಿ, ಸೌಟು ಹಾಕದೆ ಚಟ್ಟಿಯನ್ನೇ ಹಿಡಿದು ಕುಲುಕಿಸುತ್ತಿದ್ದರು. ತೆಂಗಿನಕಾಯಿ ಇಲ್ಲ, ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಮರುದಿನ ಬೆಳಿಗ್ಗೆ ನೋಡಿದರೆ ಮೇಲೆ ಕೆಂಪಗೆ ಒಂದು ಪದರ ನೆಣ ನಿಂತಿರುತ್ತಿತ್ತು. ಅದು ಮೀನೇ ಬಿಟ್ಟ ಎಣ್ಣೆ. ಅದನ್ನು ಬಳಿದು ಚೆಲ್ಲಬೇಡ, ನೀನು ದುಡ್ಡು ಕೊಟ್ಟು ಡಬ್ಬಿಯಲ್ಲಿ ತರಿಸಿದ್ದು ಅದನ್ನೇ. ಹುರಿಯಲೇಬೇಕು ಅನ್ನಿಸಿದರೆ ಕಾವಲಿಯ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಮಾಡು. ಉಪ್ಪುಮೀನು, ಒಣಮೀನು ಮಳೆಗಾಲದ ಅಭ್ಯಾಸ, ಗೊತ್ತು. ಆದರೆ ಆ ಉಪ್ಪು ರಕ್ತದೊತ್ತಡ ಏರಿಸುತ್ತದೆ. ನಾಲಿಗೆಗೆ ಆಸೆಯಾದಾಗ ಒಂದು ಚೂರು, ಅಷ್ಟೆ.

ಇನ್ನೊಂದು ಮಾತು. ಮೀನು ತಿನ್ನುವುದರಿಂದ ಆಗುವ ಒಳ್ಳೆಯದರಲ್ಲಿ ಅರ್ಧ ಪಾಲು ಅದು ಯಾವುದರ ಜಾಗಕ್ಕೆ ಬಂತು ಎನ್ನುವುದರಲ್ಲಿದೆ. ವಾರದಲ್ಲಿ ಎರಡು ದಿನ ಮಟನ್ ಬಿರಿಯಾನಿ, ಪಿಜ್ಜಾ ಬಿಟ್ಟು ಬೂತಾಯಿ, ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ ಉಂಡರೆ ಎಲ್‌ಡಿಎಲ್ ತುಸು ಕೆಳಗಿಳಿಯಬಹುದು. ಆ ಕೀರ್ತಿ ನೀನು ಬಿಟ್ಟ ಮಟನ್ ಕೊಬ್ಬಿಗೆ, ಚೀಸಿಗೆ ಸೇರಬೇಕು. ನಿನ್ನ 240 ಟ್ರೈಗ್ಲಿಸರೈಡಿಗೂ ವಾರಕ್ಕೆರಡು ಮೀನೂಟ ಸಾಲದು. ಬಿಯರ್ ನಿಲ್ಲಿಸು, ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಕಾಫಿ ನಿಲ್ಲಿಸು, ಹೊಟ್ಟೆ ಕರಗಿಸು. ಆ ಅಂಕಿ ಇಳಿಯುವ ದಾರಿ ಅದು. ನಿನ್ನ ರೂಮಿನ ಸಸ್ಯಾಹಾರಿ ಹುಡುಗ ಮೀನಿಲ್ಲ ಅಂತ ಹೆದರಬೇಕಾಗಿಲ್ಲ. ಧಾರವಾಡದ ಅವರ ಮನೆಯಿಂದ ಬರುವ ಅಗಸೆ ಚಟ್ನಿಪುಡಿಯಲ್ಲಿ ಒಂದು ಬಗೆಯ ಒಮೆಗಾ-3 ಇದೆ. ಮೈ ಅದನ್ನು ಇಪಿಎ ಮಾಡಿಕೊಳ್ಳುವುದು ಸ್ವಲ್ಪವೇ ಆದರೂ ಅಗಸೆಯ ನಾರು ಎಲ್‌ಡಿಎಲ್‌ಗೆ ಒಳ್ಳೆಯದು.

ಬರೀ ಮೀನು ಕಾಯುವಂತಿದ್ದರೆ ನನ್ನ ಅಪ್ಪ ಉಳಿಯುತ್ತಿದ್ದರು. ನಿನ್ನ ಅಜ್ಜ ಹುಟ್ಟಿದ್ದು ಕಡಲ ದಡದಲ್ಲಿ, ದಿನಕ್ಕೆರಡು ಹೊತ್ತು ಮೀನು ಉಂಡವರು. ಬಲೆ ಎಳೆದ ಗಟ್ಟಿ ಮೈ. ಐವತ್ತೆರಡಕ್ಕೆ ಎದೆ ಹಿಡಿದುಕೊಂಡು ಹೋದರು. ಬಾಯಲ್ಲಿ ಬೀಡಿ ಆರುತ್ತಿರಲಿಲ್ಲ, ರಕ್ತ ಪರೀಕ್ಷೆ ಅಂದರೇನೆಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಲೀಂ ಯೂಸುಫ್ ಮುಂದಾಳುತನದ ‘ಇಂಟರ್‌ಹಾರ್ಟ್’ ಅಧ್ಯಯನ ನಮ್ಮಂಥ ದಕ್ಷಿಣ ಏಷ್ಯಾದವರ ಬಗ್ಗೆ ಹೇಳಿದ್ದೂ ಈ ವಯಸ್ಸಿನ ಮಾತನ್ನೇ: ಮೊದಲ ಹೃದಯಾಘಾತ ಬೇರೆ ದೇಶದವರಿಗೆ ಸರಾಸರಿ 59ರ ಹತ್ತಿರ ಆದರೆ ನಮಗೆ 53ಕ್ಕೆ. ನಿನ್ನ ಮೈಯಲ್ಲಿ ಅಜ್ಜನ ರಕ್ತವೂ ಇದೆ. ಡಾಕ್ಟರಿಗೆ ಅಜ್ಜನ ವಿಷಯ ಹೇಳಿದ್ದೀಯಾ? ಹೇಳಿಲ್ಲದಿದ್ದರೆ ಹೇಳು. ಲೈಪೋಪ್ರೋಟೀನ್-ಎ ಎಂಬ ಪರೀಕ್ಷೆಯ ಬಗ್ಗೆಯೂ ಕೇಳು. ವಂಶದಲ್ಲಿ ಹರಿದು ಬರುವ ಕಣ ಅದು, ಊಟದಿಂದ ಬದಲಾಗುವುದಿಲ್ಲ, ಬದುಕಿನಲ್ಲಿ ಒಮ್ಮೆ ನೋಡಿಸಿಕೊಂಡರೆ ಸಾಕು.

ಸ್ಟ್ಯಾಟಿನ್ ಬಗ್ಗೆ ನಿನ್ನ ಭಯ ನನಗೆ ಅರ್ಥವಾಗುತ್ತದೆ. ‘ಒಮ್ಮೆ ಶುರು ಮಾಡಿದರೆ ಬಿಡಲಾಗದು’, ‘ಲಿವರ್ ಹೋಗುತ್ತದೆ’ ಎಂಬ ಮಾತುಗಳನ್ನು ಕೌಂಟರಿನಲ್ಲಿ ದಿನಾ ಕೇಳಿದವನು ನಾನು. ಲಿವರ್ ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸುವ ಹಾದಿಯಲ್ಲಿ ಈ ಮಾತ್ರೆ ಅಡ್ಡ ನಿಲ್ಲುತ್ತದೆ. ಆಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ಲನ್ನು ಒಳಗೆಳೆದುಕೊಳ್ಳುತ್ತದೆ. ಪ್ರಮಾಣಕ್ಕೆ ತಕ್ಕಂತೆ ನೂರಕ್ಕೆ 30ರಿಂದ 50ರಷ್ಟು ಇಳಿಯುತ್ತದೆ. ಯಾವ ಮೀನೂ ಅಷ್ಟು ಇಳಿಸಲಾರದು. ಕೆಲವರಿಗೆ ಮಾಂಸಖಂಡ ನೋಯುತ್ತದೆ, ನಿಜ. ಹಾಗಾದರೆ ಡಾಕ್ಟರು ಪ್ರಮಾಣ ತಗ್ಗಿಸುತ್ತಾರೆ, ಬೇರೆ ಮಾತ್ರೆ ಕೊಡುತ್ತಾರೆ. ಅದು ಅವರು ತೀರ್ಮಾನಿಸಬೇಕಾದದ್ದು, ಇಂಟರ್‌ನೆಟ್ ಅಲ್ಲ. 2025ರಲ್ಲಿ ಹಾಸನದ ಕಡೆ ಹೃದಯಾಘಾತದ ಸುದ್ದಿ ಸಾಲುಸಾಲಾಗಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಸುದ್ದಿ ತಣ್ಣಗಾದ ಮೇಲೆ ಭಯವೂ ಹೋಯಿತು, ಎಷ್ಟೋ ಜನರ ಎಚ್ಚರವೂ ಹೋಯಿತು. ನಿನ್ನ ಎಚ್ಚರ ಹಾಗೆ ಹೋಗಬಾರದು.

ಎದೆ ಒತ್ತಿದ ಹಾಗೆ, ಎಡಗೈಗೋ ದವಡೆಗೋ ನೋವು ಹರಿದ ಹಾಗೆ, ಕಾರಣವಿಲ್ಲದೆ ಬೆವರಿದ ಹಾಗೆ ಆದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡ. ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸು. ನಿನ್ನ ಜೊತೆಯವರಿಗೂ ಇದನ್ನು ಹೇಳಿಡು.

ನಾಳೆ ಬೆಳಿಗ್ಗೆ ಆ ಡಾಕ್ಟರಿಗೆ ಫೋನ್ ಮಾಡು. ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳು, ಅವರು ಹೇಳಿದಂತೆ ಮತ್ತೆ ಶುರು ಮಾಡು. ಸಿಗರೇಟ್ ಇದ್ದರೆ ಇವತ್ತೇ ಬಿಡು, ನನ್ನಲ್ಲಿ ಹೇಳಿಕೊಳ್ಳಲು ನಾಚಿಕೆ ಬೇಡ. ಬೂತಾಯಿಯನ್ನು ಸಂತೋಷವಾಗಿ ತಿನ್ನು, ಕ್ಯಾಪ್ಸೂಲಿನ ಡಬ್ಬಿ ಮತ್ತೆ ತರಿಸಬೇಡ. ಎಂಟು ವಾರ ಕಳೆದು ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ವರದಿಯನ್ನು ನನಗೆ ಕಳಿಸು. ನಾನು ಕಾಯುತ್ತಿರುತ್ತೇನೆ.